ಸಾಲಿನ ಕೊನೆಯ ಮೇಣ

ಆ ಬ್ರೈಲ್ ಮುದ್ರಣಾಲಯದಲ್ಲಿ ಆಕೆಯನ್ನು ಎಲ್ಲರೂ ಕಣ್ಣಮ್ಮ ಎಂದೇ ಕರೆಯುತ್ತಿದ್ದರು. ತಾಯಿತಂದೆ ಇಟ್ಟ ಹೆಸರು ಬೇರೆ ಇತ್ತು. ಸಂಬಳದ ದಿನ ರುಜು ಹಾಕುವಾಗ ಮಾತ್ರ ಅದು ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಗಂಡನನ್ನು ಮೇಷ್ಟ್ರು ಎನ್ನುತ್ತಿದ್ದರು. ಮೇಷ್ಟ್ರಿಗೆ ಹುಟ್ಟಿನಿಂದ ಕಣ್ಣಿರಲಿಲ್ಲ. ಕಣ್ಣಮ್ಮನಿಗೆ ಕಣ್ಣಿತ್ತು, ಆದರೆ ಸೋಡಾಬುಡ್ಡಿ ಕನ್ನಡಕ. "ಕುರುಡುಗಣ್ಣಿಗಿಂತ ಮಳ್ಳೆಗಣ್ಣು ಲೇಸು ಅಂತ ನಿನ್ನ ಕಟ್ಕೊಂಡೆ," ಎಂದು ಮೇಷ್ಟ್ರು ಹೇಳಿದಾಗಲೆಲ್ಲ ಅಚ್ಚುಮನೆ ಇಡೀ ನಗುತ್ತಿತ್ತು. ಮೊದಲ ಸಲ ಕೇಳಿದವಳಂತೆ ಕಣ್ಣಮ್ಮ ಪ್ರತಿಸಲವೂ ಮುಖ ಊದಿಸಿಕೊಳ್ಳುತ್ತಿದ್ದಳು.

ಗಂಡಹೆಂಡಿರದು ಒಂದೇ ಕೆಲಸ. ಉಬ್ಬುಚುಕ್ಕಿಯ ಕರಡು ಹಾಳೆಯ ಮೇಲೆ ಮೇಷ್ಟ್ರು ಬೆರಳಾಡಿಸುತ್ತ ಗಟ್ಟಿಯಾಗಿ ಓದಬೇಕು. ಎದುರು ಕೂತ ಕಣ್ಣಮ್ಮ ಕಣ್ಣುಳ್ಳವರ ಪುಸ್ತಕವನ್ನು ಮುಂದಿಟ್ಟುಕೊಂಡು, ಕೇಳಿದ್ದೂ ಕಂಡದ್ದೂ ಒಂದೇ ಹೌದೋ ಅಲ್ಲವೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಕಥೆ, ಚರಿತ್ರೆ ಓದುವ ಜೋಡಿಗಳು ಬೇರೆ ಇದ್ದವು. ಗಣಿತವೋ ವಿಜ್ಞಾನವೋ ಬಂತೆಂದರೆ ಉಳಿದವರೆಲ್ಲ ಕೈಯೆತ್ತಿಬಿಡುತ್ತಿದ್ದರು. ಅದು ಈ ದಂಪತಿಗಳ ಪಾಲು.

ಯಾಕೆಂದರೆ ಕಣ್ಣುಳ್ಳವರ ಗಣಿತ ಕಾಗದದ ಮೇಲೆ ನೆಟ್ಟಗೆ ನಡೆಯುವುದಿಲ್ಲ. ಒಂದು ಅಂಕಿ ಇನ್ನೊಂದರ ಹೆಗಲೇರಿ ಕೂರುತ್ತದೆ, ಮತ್ತೊಂದು ಕಾಲಡಿಗೆ ಇಳಿಯುತ್ತದೆ, ವರ್ಗಮೂಲ ಚಪ್ಪರ ಹಾಕುತ್ತದೆ, ಭಿನ್ನರಾಶಿ ಮಹಡಿಯ ಮೇಲೆ ಮಹಡಿ ಕಟ್ಟುತ್ತದೆ. ಬೆರಳಿಗೆ ಮಹಡಿಯೂ ಇಲ್ಲ, ನೆಲಮಾಳಿಗೆಯೂ ಇಲ್ಲ. ಅದು ಆರು ಚುಕ್ಕಿಯ ಒಂದೊಂದು ಮನೆಯನ್ನೂ ದಾಟುತ್ತ ಒಂದೇ ಸಾಲಿನಲ್ಲಿ ಹೋಗಬೇಕು. ಆದ್ದರಿಂದ ಗಣಿತದ ಬ್ರೈಲಿನಲ್ಲಿ ಪ್ರತಿಯೊಂದಕ್ಕೂ ಬಾಗಿಲಿಟ್ಟಿದ್ದಾರೆ. ಭಿನ್ನ ಶುರುವಾದರೆ ಒಂದು ಗುರುತು. ಮೇಷ್ಟ್ರು ಅದನ್ನು "ತೆರೆ" ಎಂದು ಓದುತ್ತಿದ್ದರು. ಮೇಲಿನ ಅಂಕಿ ಮುಗಿದು ಕೆಳಗಿನದು ಬಂದರೆ "ಗೆರೆ". ಭಿನ್ನ ಮುಗಿದರೆ "ಮುಚ್ಚು". ಒಂದರೊಳಗೊಂದು ಭಿನ್ನವಿದ್ದರೆ ತೆರೆದಷ್ಟನ್ನೂ ಮುಚ್ಚಬೇಕು. ಒಂದನ್ನು ಮುಚ್ಚದೆ ಬಿಟ್ಟರೂ ಓದುವ ಮಗು ಒಳಮನೆಯಲ್ಲೇ ಸಿಕ್ಕಿಬೀಳುತ್ತದೆ.

ಕಣ್ಣಮ್ಮನಿಗೆ ಗಣಿತದ ತಲೆಬುಡ ತಿಳಿಯದು. ಅದಕ್ಕೆ ಆಕೆ ತನ್ನದೇ ಒಂದು ದಾರಿ ಕಂಡುಕೊಂಡಿದ್ದಳು. ಮೇಷ್ಟ್ರು "ತೆರೆ" ಎಂದಾಗಲೆಲ್ಲ ಎಡಗೈಯ ಒಂದು ಬೆರಳು ಮಡಿಸುವುದು, "ಮುಚ್ಚು" ಎಂದಾಗ ಬಿಚ್ಚುವುದು. ಸಾಲು ಮುಗಿದಾಗ ಅಂಗೈ ಬಿಚ್ಚಿಕೊಂಡಿದ್ದರೆ ಎಲ್ಲ ನೆಟ್ಟಗಿದೆ ಎಂದರ್ಥ.

ಒಮ್ಮೆ ನಕ್ಷತ್ರಗಳ ದೂರ ಅಳೆಯುವ ಪಾಠ ಬಂದಿತ್ತು. ಸೂತ್ರವನ್ನು ಓದಿ ಮುಗಿಸಿದ ಮೇಲೆ ಕಣ್ಣಮ್ಮ, "ಅಲ್ಲಾ, ಇಷ್ಟೆಲ್ಲ ಆರೇ ಆರು ಚುಕ್ಕೀಲಿ ಹಿಡಿಸುತ್ತಾ?" ಎಂದು ಕೇಳಿದ್ದಳು.

"ಆಕಾಶದ ತುಂಬ ಚುಕ್ಕಿ ಅಂತೀಯಲ್ಲ. ನಿನ್ನ ದೇವರೂ ಒಂದೊಂದಾಗೇ ತಾನೇ ಇಟ್ಟಿದ್ದು?" ಎಂದಿದ್ದರು ಮೇಷ್ಟ್ರು. ಆ ದಿನದಿಂದ ಸಂಜೆಯ ಪ್ರಾರ್ಥನೆಗೆ ಕೂತಾಗ ಆಕೆಗೆ ದೇವರ ಕೈಯಲ್ಲಿ, ಅಚ್ಚಿನ ತಗಡಿಗೆ ಚುಕ್ಕಿ ಹೊಡೆಯುವಂಥ ಒಂದು ಸಣ್ಣ ಉಳಿ ಕಾಣುತ್ತಿತ್ತು.

ಊಟಕ್ಕೆ ಏಳುವಾಗ, ದಿನ ಮುಗಿದಾಗ, ಓದು ಎಲ್ಲಿಗೆ ನಿಂತಿತು ಎಂಬುದಕ್ಕೆ ಮೇಷ್ಟ್ರು ಒಂದು ಗುರುತು ಇಡುತ್ತಿದ್ದರು. ಮೇಣದ ತುಣುಕನ್ನು ಸಾಸಿವೆಗಿಂತ ತುಸು ದಪ್ಪಗೆ ಉಂಡೆಮಾಡಿ, ಆ ಸಾಲಿನ ಎಡ ಅಂಚಿಗೆ ಹೆಬ್ಬೆರಳಿನಿಂದ ಒತ್ತುವುದು. ಯಾವಾಗಲೂ ಎಡ ಅಂಚಿಗೆ. ಮರಳಿ ಬಂದ ಬೆರಳು ಮೊದಲು ಅಲ್ಲಿಗೇ ಹೋಗುತ್ತದಲ್ಲವೇ? ಮೇಣ ಕೊಡುವುದು ಕಣ್ಣಮ್ಮನ ಕೆಲಸ; ಆಕೆಯ ಕನ್ನಡಕದ ಡಬ್ಬಿಯಲ್ಲಿ ಅದು ಸದಾ ಇರುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ, ಕಾಲೇಜಿನ ಗಣಿತದ ಪುಸ್ತಕ ಓದುತ್ತಿದ್ದಾಗ, ಮೇಷ್ಟ್ರು ನಾಲ್ಕನೆಯ "ತೆರೆ" ಎಂದು ಸುಮ್ಮನಾದರು. ಕಣ್ಣಮ್ಮನ ನಾಲ್ಕು ಬೆರಳು ಮಡಿಸಿಯೇ ಇದ್ದವು. ಮೇಷ್ಟ್ರ ಎಡಗೈ ಅಲ್ಲೇ ನಿಂತಿತ್ತು. ಬಲಗೈ ಮಾತ್ರ ಸಾಲಿನ ಕೊನೆಗೆ ಹೋಗಿ ಬರಿಯ ಕಾಗದವನ್ನು ತಟ್ಟುತ್ತಿತ್ತು. ತಟ್ಟಿತು, ಹಿಂದೆ ಸರಿಯಿತು, ಮತ್ತೆ ತಟ್ಟಿತು. "ಮೇಣ ಕೊಡು," ಎಂದರು. ಕೊಟ್ಟಳು. ಅವರು ಅದನ್ನು ಎಡ ಅಂಚಿಗೆ ಒತ್ತಲಿಲ್ಲ. ಸಾಲಿನ ಬಲ ಕೊನೆಗೆ ಒತ್ತಿದರು. ಒತ್ತಿ, ಮೇಜಿನ ಮೇಲೆ ತಲೆಯಿಟ್ಟರು. ವೈದ್ಯರು ಬರುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು.

ಅಂದಿನಿಂದ ಕಣ್ಣಮ್ಮನಿಗೆ ಗಂಡನಿಲ್ಲದ ದುಃಖದ ಜೊತೆಗೆ ಇನ್ನೊಂದು ಮುಳ್ಳು. ದೇವರ ಮುಂದೆ ಕೂತರೆ ಬರಿಯ ಕಾಗದ ತಟ್ಟುವ ಆ ಬೆರಳೇ ಕಣ್ಣಿಗೆ ಕಟ್ಟುತ್ತಿತ್ತು. ಬದುಕಿಡೀ ಒಂದು ಚುಕ್ಕಿಯನ್ನೂ ತಪ್ಪಿ ಓದದವರು, ಕೊನೆಯ ಗಳಿಗೆಯಲ್ಲಿ ಎಡ ಯಾವುದು ಬಲ ಯಾವುದು ತಿಳಿಯದೆ ಹೋದರೇ? ದೀಪ ಆರುವ ಮೊದಲೇ ಬತ್ತಿ ಕೈಬಿಟ್ಟಿತೇ? "ಅವರನ್ನ ಕರ್ಕೊಂಡೆ ಸರಿ. ಅವರ ಬುದ್ಧಿನ ಯಾಕಪ್ಪ ಮೊದಲೇ ಕರ್ಕೊಂಡೆ?" ಎಂದು ಆಕೆ ದೇವರನ್ನು ಕೇಳುತ್ತಿದ್ದಳು. ದೇವರು ಉತ್ತರ ಕೊಡುವ ಅವಸರದಲ್ಲಿ ಇದ್ದಂತಿರಲಿಲ್ಲ.

ಹಲವು ತಿಂಗಳ ಮೇಲೆ ಮುದ್ರಣಾಲಯದ ಮೇಲ್ವಿಚಾರಕರು ತಾವೇ ಮನೆಗೆ ಬಂದು ಆಕೆಯನ್ನು ಕರೆದರು. ಪುಸ್ತಕ ನಿಂತುಹೋಗಿದೆ, ಅದಕ್ಕಾಗಿ ಕಾಲೇಜಿನ ಕುರುಡು ಮಕ್ಕಳು ಕಾಯುತ್ತಿದ್ದಾರೆ, ಗಣಿತ ಓದಬಲ್ಲ ಹೊಸಬಳೊಬ್ಬಳು ಸಿಕ್ಕಿದ್ದಾಳೆ, ಎದುರು ಕೂರಬಲ್ಲವರು ಮಾತ್ರ ಇಲ್ಲ. ಕಣ್ಣಮ್ಮ ಹೋದಳು. ಜಿಂಕ್ ತಗಡಿನ ವಾಸನೆ, ಒದ್ದೆ ಮಾಡಿದ ದಪ್ಪ ಕಾಗದದ ವಾಸನೆ, ಉರುಳೆಯಂತ್ರದ ದಡದಡ ಸದ್ದು, ಎಲ್ಲ ಹಾಗೇ ಇದ್ದವು. ಓದುವ ಕೋಣೆಯಲ್ಲಿ ಮೇಷ್ಟ್ರ ಕುರ್ಚಿಯ ಮೇಲೆ ಮಾತ್ರ ಬೇರೆಯವರು ಕೂತಿದ್ದರು.

ಹೊಸಬಳಿಗೆ ಇಪ್ಪತ್ತೈದರ ಒಳಗಿನ ವಯಸ್ಸು. ಅವಳ ನಾಲಿಗೆಯ ಚುರುಕಿಗೆ ಅಚ್ಚುಮನೆಯವರು ಆಗಲೇ ಚಿನಕುರುಳಿ ಎಂದು ಹೆಸರಿಟ್ಟಿದ್ದರು.

"ಬನ್ನಿ ಅಜ್ಜಿ, ನಿಮ್ಮ ಚಪ್ಪಲಿ ಸದ್ದು ಕೇಳಿದ ಕೂಡ್ಲೇ ಗೊತ್ತಾಯ್ತು," ಎಂದಳು ಅವಳು. "ಎಡಗಾಲು ಎಳೀತೀರಿ ಅಂತ ಎಲ್ಲಾರೂ ಹೇಳಿದ್ರು."

"ಬೇರೆ ಏನೇನು ಹೇಳಿದಾರೆ?"

"ತಪ್ಪು ಓದಿದ್ರೆ ಕೆಮ್ಮುತ್ತೀರಂತೆ. ನಾನೂ ಹೇಳಿಬಿಡ್ತೀನಿ, ನಿಮಗೆ ಸುಮ್ಮನೆ ಕೆಮ್ಮು ಬಂದ್ರೂ ನಾನು ಹೆದರ್ತೀನಿ."

ಕಣ್ಣಮ್ಮನಿಗೆ ನಗು ಬಂದಿತು. ತಿಂಗಳುಗಳ ಮೇಲೆ ಬಂದ ನಗು, ದಾರಿ ಮರೆತಂತೆ ಅರ್ಧಕ್ಕೇ ನಿಂತಿತು.

ಮೇಲ್ವಿಚಾರಕರು ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡರು. ಒಳ್ಳೆಯ ಮನುಷ್ಯ. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎಂಬ ಸಂಕಟದಲ್ಲಿದ್ದರು. "ಅಮ್ಮಾ, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ಮೇಷ್ಟ್ರು ಕೊನೇಲಿ ಓದಿದ ಅಧ್ಯಾಯಗಳನ್ನೆಲ್ಲ ಮೊದಲಿಂದ ಮತ್ತೆ ಓದಿಸ್ಬೇಕು."

"ಯಾಕೆ?"

"ಅವರ ಕೈ… ಅವರಿಗೆ ಆಗ ಹುಷಾರಿರಲಿಲ್ಲ ಅನ್ಸುತ್ತೆ. ಮೇಣ ನೋಡಿದ್ರಲ್ಲ. ಅವತ್ತೇ ಶುರುವಾಗಿದ್ದೋ, ಮೊದಲಿಂದ್ಲೂ ಇತ್ತೋ ಯಾರಿಗೆ ಗೊತ್ತು? ಮಕ್ಕಳು ಓದೋ ಪುಸ್ತಕ."

ಕಣ್ಣಮ್ಮನೊಳಗೇ ಚುಚ್ಚುತ್ತಿದ್ದ ಮುಳ್ಳು ಈಗ ಇನ್ನೊಬ್ಬರ ಬಾಯಲ್ಲಿ ಬಂದಿತ್ತು. ಮೇಷ್ಟ್ರು ಓದಿದ್ದು ಓದಲ್ಲ ಎಂದು ತೀರ್ಮಾನವಾದರೆ, ಅವರು ಎರಡನೆಯ ಸಲ ಸತ್ತಂತೆ. ಆದರೆ ಮೇಲ್ವಿಚಾರಕರ ಮಾತಿನಲ್ಲಿ ತಪ್ಪಿಲ್ಲ ಎಂದೂ ಆಕೆಗೆ ಗೊತ್ತಿತ್ತು.

"ಅವರು ಬಿಟ್ಟ ಸಾಲನ್ನ ಮೊದಲು ಮುಗಿಸೋಣ," ಎಂದಳು. "ಅದರಲ್ಲಿ ಅವರದ್ದು ತಪ್ಪು ಅಂತ ಕಂಡ್ರೆ, ನೀವು ಹೇಳಿದ ಹಾಗೆ ಎಲ್ಲಾನೂ ಮೊದಲಿಂದ ಓದಿಸ್ತೀನಿ. ಕಾಣದಿದ್ರೆ ಅವರು ಓದಿದ್ದು ಹಾಗೇ ಇರ್ಲಿ."

"ಆಗ್ಲಿ ಅಮ್ಮಾ," ಎಂದು ಅವರು ಬಾಗಿಲ ಬಳಿಯೇ ಒಂದು ಸ್ಟೂಲು ಎಳೆದುಕೊಂಡು ಕೂತರು.

ಕಪಾಟಿನಿಂದ ಹಾಳೆ ಬಂದಿತು. ಮೇಣ ಒತ್ತಿದಲ್ಲೇ ಇತ್ತು. ಧೂಳು ಕೂರದಂತೆ ಯಾರೋ ಮೇಲೊಂದು ಬಟ್ಟೆ ಹೊದಿಸಿದ್ದರು.

"ನಾಲ್ಕನೇ 'ತೆರೆ' ಇಂದ ಓದು," ಎಂದಳು ಕಣ್ಣಮ್ಮ.

"ಅದು ಹೇಗೆ ಅಜ್ಜಿ? ಹೊರಬಾಗಿಲು ಬಿಟ್ಟು ನೇರವಾಗಿ ಒಳಕೋಣೆಗೆ ಬೀಳಕ್ಕೆ ನಾನೇನು ಹಲ್ಲಿನಾ? ಎಷ್ಟು ಬಾಗಿಲು ದಾಟಿ ಬಂದಿದೀನಿ ಅಂತ ನನ್ನ ಬೆರಳಿಗೆ ಗೊತ್ತಾಗ್ಬೇಕು."

ಕಣ್ಣಮ್ಮ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು. ಆ ಸಾಲನ್ನು ಇನ್ನೊಂದು ದನಿಯಲ್ಲಿ ಕೇಳುವುದೆಂದರೆ, ಗಂಡನ ಅಂಗಿಯನ್ನು ಇನ್ನೊಬ್ಬರ ಮೈಮೇಲೆ ನೋಡಿದಂತೆ. "ಓದು," ಎಂದಳು.

ಚಿನಕುರುಳಿಯ ಎರಡು ಕೈಗಳೂ ಹಾಳೆಯ ಮೇಲೆ ಇಳಿದವು. ಅಷ್ಟು ಹೊತ್ತು ಸಿಡಿಯುತ್ತಿದ್ದ ಮಾತು ಒಮ್ಮೆಗೇ ತಣ್ಣಗಾಗಿ, ಬೇರೆಯೇ ದನಿ ಬಂದಿತು.

"ಒಂದು ಕೂಡು. ತೆರೆ. ಒಂದು, ಗೆರೆ, ಎರಡು ಕೂಡು. ತೆರೆ. ಒಂದು, ಗೆರೆ, ಎರಡು ಕೂಡು. ತೆರೆ. ಒಂದು, ಗೆರೆ, ಎರಡು ಕೂಡು. ತೆರೆ."

ಕಣ್ಣಮ್ಮನ ಎಡಗೈಯಲ್ಲಿ ಒಂದೊಂದೇ ಬೆರಳು ಮಡಿಸಿಕೊಂಡಿತು. ಅಂದಿನಂತೆಯೇ ನಾಲ್ಕೂ ಮಡಿಸಿಕೊಂಡವು. ಪುಸ್ತಕದಲ್ಲಿ ಆ ಲೆಕ್ಕ ನಾಲ್ಕು ಗೆರೆಗಳಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತಿತ್ತು, ಬಾವಿಗೆ ಇಳಿಯುವಂತೆ. ಆಕೆಗೆ ಅದು ಒಂದೇ ನೋಟಕ್ಕೆ ಕಾಣುತ್ತದೆ, ತಳವೂ ಕಾಣುತ್ತದೆ. ಬೆರಳಿಗೆ ತಳ ಕಾಣದು. ಕತ್ತಲೆಯಲ್ಲಿ ಒಂದು ಬಾಗಿಲು ತೆರೆದರೆ ಒಳಗೊಂದು, ಅದನ್ನು ತೆರೆದರೆ ಇನ್ನೊಂದು. ತೆರೆದದ್ದೆಲ್ಲ ಎಲ್ಲೋ ಒಂದು ಕಡೆ ಮುಚ್ಚಿಯೇ ತೀರುತ್ತದೆ ಎಂಬ ಭರವಸೆಯೊಂದನ್ನೇ ಹಿಡಿದು ಹೋಗಬೇಕು. ಇಷ್ಟು ವರ್ಷ ಎದುರು ಕೂತು ಕೇಳಿದರೂ ಇದು ಆಕೆಗೆ ಹೊಳೆದಿರಲಿಲ್ಲ. ತಾನು ಪ್ರಾರ್ಥನೆಯಲ್ಲಿ ಪ್ರಯಾಸಪಟ್ಟು ಹುಡುಕುವ ನಂಬಿಕೆಯನ್ನು ಅವರು ದಿನವೂ ಹತ್ತು ಗಂಟೆಗೆ ಕುರ್ಚಿ ಎಳೆದುಕೊಂಡು ಕೂತು, ಬೆರಳ ತುದಿಯಲ್ಲಿ ನಡೆಸುತ್ತಿದ್ದರು.

"ಒಂದು, ಗೆರೆ, ಎರಡು," ಎಂದು ಚಿನಕುರುಳಿ ಮುಂದುವರಿಸಿದಳು. "ಮುಚ್ಚು. ಮುಚ್ಚು. ಮುಚ್ಚು."

ಮೂರು ಬೆರಳು ಬಿಚ್ಚಿಕೊಂಡವು.

"ಇಲ್ಲಿ ಮೇಣ ಅಡ್ಡ ಬಂತು ಅಜ್ಜಿ. ಸಾಲು ಮುಗೀತು."

ಕಣ್ಣಮ್ಮ ತನ್ನ ಕೈ ನೋಡಿಕೊಂಡಳು. ಕಿರುಬೆರಳು ಮಡಿಸಿಯೇ ಇತ್ತು.

"ಇನ್ನೊಂದು 'ಮುಚ್ಚು' ಎಲ್ಲಿ?"

"ಇಲ್ಲ. ಮೂರೇ."

"ಮುಂದಿನ ಸಾಲಿನ ಶುರುವಿನಲ್ಲಿ?"

"ಅಲ್ಲಿ ಬರೀ ಮಾತಿದೆ, 'ಆದ್ದರಿಂದ' ಅಂತ." ಚಿನಕುರುಳಿ ಹಿಂದಕ್ಕೆ ಹೋಗಿ ಮತ್ತೊಮ್ಮೆ ಎಣಿಸಿದಳು. "ತೆರೆದಿರೋದು ನಾಲ್ಕು. ಮುಚ್ಚಿರೋದು ಮೂರು."

ಮೇಲ್ವಿಚಾರಕರು ಸ್ಟೂಲಿನಿಂದ ಎದ್ದು ಹತ್ತಿರ ಬಂದರು. ಬಗ್ಗಿ ನೋಡಿ, ಮೆಲ್ಲಗೆ, "ಮೇಣದ ಅಡಿಯಲ್ಲಿ ಇರಬಹುದಲ್ಲ ಅಮ್ಮಾ," ಎಂದರು. "ನಾಲ್ಕನೇದರ ಮೇಲೇ ಗೊತ್ತಿಲ್ಲದೆ ಒತ್ತಿಬಿಟ್ಟಿರಬಹುದು."

ಹೊರಗೆ ಉರುಳೆಯಂತ್ರ ಒಂದು ಹಾಳೆ ನುಂಗಿ ಇನ್ನೊಂದಕ್ಕೆ ಬಾಯಿ ತೆರೆಯಿತು. ಮೂವರಿಗೂ ವಿಷಯ ಗೊತ್ತಿತ್ತು. ಮೇಣದ ಅಡಿಯಲ್ಲಿ ಚುಕ್ಕಿ ಇದ್ದರೆ ಅಚ್ಚಿನ ತಗಡು ಸರಿಯಾಗಿದೆ, ತಪ್ಪಿದ್ದು ಮೇಷ್ಟ್ರ ಕೈ. ನೋಡಬೇಕೆಂದರೆ ಮೇಣ ತೆಗೆಯಬೇಕು.

"ನಾನು ತೆಗೀಲಾ?" ಎಂದಳು ಚಿನಕುರುಳಿ.

"ಬೇಡ, ನಾನೇ ತೆಗೀತೀನಿ."

ದೇವರ ಮುಂದಿನ ಹೂ ತೆಗೆಯುವಂತೆ ಕಣ್ಣಮ್ಮ ಉಗುರಿನ ಅಂಚಿನಿಂದ ಮೇಣವನ್ನು ಎಬ್ಬಿಸಿದಳು. ಅದು ಸುಲಭವಾಗಿ ಬರಲಿಲ್ಲ. ಒಂದು ಕಡೆ ಎದ್ದಿತು, ಮತ್ತೆ ಕಾಗದ ಹಿಡಿದುಕೊಂಡಿತು, ಕೊನೆಗೆ ಅಂಗೈಗೆ ಬಿದ್ದಿತು. ಕೆಳಗೆ ನೋಡುವ ಧೈರ್ಯ ಆಕೆಗೆ ಬರಲಿಲ್ಲ. "ಮುಟ್ಟಿ ನೋಡಮ್ಮ," ಎಂದು ಕಣ್ಣು ಮುಚ್ಚಿಕೊಂಡಳು.

ಚಿನಕುರುಳಿಯ ತೋರುಬೆರಳು ಆ ಜಾಗದ ಮೇಲೆ ಹೋಯಿತು, ಬಂದಿತು.

"ನುಣ್ಣಗಿದೆ ಅಜ್ಜಿ. ಏನೂ ಇಲ್ಲ."

"ಇನ್ನೊಂದ್ಸಲ ನೋಡು. ಮೇಣ ಒತ್ತಿ ಚುಕ್ಕಿ ಅಳಿಸಿರಬಹುದು."

"ಅಳಿಸಿದ್ರೂ ಗುರುತು ಉಳಿಯುತ್ತೆ. ಮೇಣ ಕೊಡಿ ಇಲ್ಲಿ." ಅವಳು ಅದನ್ನು ತಿರುಗಿಸಿ ಅಡಿಭಾಗವನ್ನು ಸವರಿದಳು. "ಚುಕ್ಕಿ ಮೇಲೆ ಒತ್ತಿದ್ರೆ ಇಲ್ಲಿ ಕುಳಿ ಬೀಳ್ಬೇಕಿತ್ತು. ಕನ್ನಡಿ ಹಾಗಿದೆ." ಆಮೇಲೆ ಮೇಲ್ಭಾಗ ಸವರಿ ತಟ್ಟನೆ ನಿಂತಳು. "ಇಲ್ಲಿ ಯಾರದೋ ಹೆಬ್ಬೆಟ್ಟಿನ ಗೆರೆ ಇದೆ."

ಕಣ್ಣಮ್ಮ ಕಣ್ಣು ತೆರೆದಳು.

"ಒಂದು ವಿಷಯ ಹೇಳ್ಲಾ?" ಚಿನಕುರುಳಿಯ ದನಿ ಈಗ ಪಿಸುಮಾತಿಗೆ ಇಳಿದಿತ್ತು. "ಮೂರನೇ 'ಮುಚ್ಚು' ಆದ ಮೇಲೆ ಸರಿಯಾಗಿ ಒಂದೇ ಒಂದು ಮನೆ. ಮೇಣ ಇದ್ದಿದ್ದು ಅಲ್ಲೇ, ಆ ಕಡೆ ಈ ಕಡೆ ಕೂದಲೆಳೆಯಷ್ಟೂ ಹೋಗಿಲ್ಲ. ಓದುವಾಗ ನಮ್ಮ ಬಲಗೈ ಮುಂದೆ ಹೋಗಿ ಸಾಲಿನ ಕೊನೆ ನೋಡ್ಕೊಂಡು ಬರುತ್ತೆ ಅಜ್ಜಿ, ಎಡಗೈ ಓದ್ತಾ ಇರುವಾಗ್ಲೇ. ಅವರ ಬಲಗೈಗೆ ಮೂರೇ ಸಿಕ್ಕಿದೆ. ನಾಲ್ಕನೇದನ್ನ ಹುಡುಕಿದಾರೆ. ಇಲ್ಲ. ಇರಬೇಕಾದ ಜಾಗಕ್ಕೆ ಗುರುತು ಇಟ್ಟಿದಾರೆ."

ಬರಿಯ ಕಾಗದವನ್ನು ತಟ್ಟುತ್ತಿದ್ದ ಆ ಬೆರಳು ಕಣ್ಣಮ್ಮನ ಕಣ್ಣ ಮುಂದೆ ಬಂದಿತು. ತಟ್ಟಿತು, ಹಿಂದೆ ಸರಿಯಿತು, ಮತ್ತೆ ತಟ್ಟಿತು. ಅದು ನಡುಕವಾಗಿರಲಿಲ್ಲ. ಎದೆಯೊಳಗೆ ಸಾವು ಬಂದು ನಿಂತಿದ್ದಾಗಲೂ ಆ ಬೆರಳು, ಯಾವುದೋ ಊರಿನ ಯಾವುದೋ ಮಗು ಬಾಗಿಲಿಲ್ಲದ ಕೋಣೆಯಲ್ಲಿ ಉಳಿದುಬಿಡದಂತೆ, ಒಂದು ಬಾಗಿಲನ್ನು ಹುಡುಕುತ್ತಿತ್ತು. ತನ್ನ ನೋವನ್ನು ಹೇಳಿಕೊಳ್ಳಲು ಇದ್ದ ಉಸಿರಿನಲ್ಲಿ ಅವರು ಮೇಣ ಕೇಳಿದ್ದರು.

ಆಕೆಗೆ ಅಳು ಬರಲಿಲ್ಲ. ದೇವರು ಅಷ್ಟು ತಿಂಗಳಿಂದ ಉತ್ತರ ಇಟ್ಟುಕೊಂಡೇ ಇದ್ದ. ಬಟ್ಟೆ ಹೊದಿಸಿ, ಕಪಾಟಿನಲ್ಲಿ.

ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಅಮ್ಮಾ, ನನ್ನ ಮಾತು ಹೊಟ್ಟೆಗೆ ಹಾಕ್ಕೊಳ್ಳಿ. ಅವರು ಓದಿದ್ದನ್ನ ಯಾರೂ ಮುಟ್ಟೋದು ಬೇಡ."

"ನಿಮ್ಮದೇನು ತಪ್ಪು? ಜೊತೇಲಿದ್ದ ನನಗೇ ಕಾಣಲಿಲ್ಲ," ಎಂದಳು ಕಣ್ಣಮ್ಮ. ಚಿನಕುರುಳಿಯ ಕಡೆ ತಿರುಗಿದಳು. "ಈ ಲೆಕ್ಕ ಏನು ಹೇಳುತ್ತಮ್ಮ? ಅವರನ್ನ ಕೇಳ್ಬೇಕು ಅಂತಿದ್ದೆ, ಆಗಲಿಲ್ಲ."

"ಒಂದು ಚೌಕ ಇದೆ ಅನ್ಕೊಳ್ಳಿ, ಒಂದು ಮೊಳ ಉದ್ದ, ಒಂದು ಮೊಳ ಅಗಲ. ಮೂಲೆಯಿಂದ ಮೂಲೆಗೆ ಎಷ್ಟು? ಯಾವ ಭಿನ್ನರಾಶಿ ತಂದ್ರೂ ಆ ಅಳತೆ ಸರಿಯಾಗಿ ಸಿಗಲ್ಲ. ಈ ಲೆಕ್ಕ ಅದರ ಹತ್ತಿರ ಹತ್ತಿರ ಹೋಗುತ್ತೆ. ಪುಸ್ತಕದವರು ನಾಲ್ಕಕ್ಕೆ ನಿಲ್ಲಿಸಿದಾರೆ. ನೀವು ಐದು ತೆರೆದ್ರೆ ಇನ್ನೂ ಹತ್ತಿರ. ನೂರು ತೆರೆದ್ರೆ ಇನ್ನೂ ಹತ್ತಿರ. ಮುಟ್ಟೋದು ಮಾತ್ರ ಇಲ್ಲ."

"ಯಾವತ್ತೂ?"

"ಯಾವತ್ತೂ. ಆದ್ರೆ ಹೋಗ್ತಾನೇ ಇರುತ್ತೆ."

ಕಣ್ಣಮ್ಮ ಕಿಟಕಿಯ ಚೌಕಟ್ಟನ್ನು ನೋಡಿದಳು, ಮೂಲೆಯಿಂದ ಮೂಲೆಗೆ. ದಿನವೂ ಕಂಡ ಕಿಟಕಿ. ಅದರೊಳಗೆ ಯಾರೂ ಮುಟ್ಟಲಾಗದ ಒಂದು ಅಳತೆ ಇಷ್ಟು ಕಾಲ ಸದ್ದಿಲ್ಲದೆ ಕೂತಿತ್ತು. ಕಣ್ಣಿಲ್ಲದ ತನ್ನ ಗಂಡ ಅದರ ಬಳಿಗೆ ನಾಲ್ಕು ಬಾಗಿಲು ನಡೆದು ಹೋಗಿದ್ದರು.

ತಗಡು ತಿದ್ದುವವನನ್ನು ಕರೆಸಿದರು. ಅವನ ಹೆಸರು ತಗಡಣ್ಣ. ಹಾಗೆ ಕರೆದರೆ ಅವನಿಗೆ ಸಿಟ್ಟಿಲ್ಲ, ಬೇರೆ ಹೆಸರಿನಿಂದ ಕರೆದರೆ ತಿರುಗಿಯೂ ನೋಡುವುದಿಲ್ಲ. ಅಚ್ಚಿನ ತಗಡನ್ನು ಮೇಜಿನ ಮೇಲೆ ಬೋರಲು ಹಾಕಿ, ಸಣ್ಣ ಉಳಿ ಮತ್ತು ಸುತ್ತಿಗೆ ತೆಗೆದ.

"ನಾನು ಹೊಡೀಲೇನಪ್ಪ?" ಎಂದಳು ಕಣ್ಣಮ್ಮ.

"ಹೊಡೀರಮ್ಮ. ಹಿಂದಿನಿಂದ ಹೊಡಿಯೋದು, ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ. ನನ್ನ ಹೆಂಡತಿ ಹೇಳೋದನ್ನ ಅರ್ಥ ಮಾಡ್ಕೊಂಡ ಹಾಗೆ." ಅವನು ಉಳಿಯನ್ನು ಜಾಗದಲ್ಲಿ ನಿಲ್ಲಿಸಿ ಹಿಡಿದುಕೊಂಡ. "ಮೆಲ್ಲಗೆ. ಗಟ್ಟಿಯಾಗಿ ಹೊಡೆದ್ರೆ ತಗಡು ಹರಿಯುತ್ತೆ."

'ತೆರೆ'ಗೂ ನಾಲ್ಕು ಚುಕ್ಕಿ, 'ಮುಚ್ಚು'ಗೂ ನಾಲ್ಕು ಚುಕ್ಕಿ. ಬಲಗಡೆಯ ಮೂರು ಎರಡರಲ್ಲೂ ಒಂದೇ. ಎಡಗಡೆಯ ಒಂಟಿ ಚುಕ್ಕಿ ತೆರೆಯುವಾಗ ಮೇಲಿರುತ್ತದೆ, ಮುಚ್ಚುವಾಗ ಕೆಳಗಿಳಿದಿರುತ್ತದೆ. ಅಷ್ಟೇ ವ್ಯತ್ಯಾಸ. ತಗಡಣ್ಣ ಇದನ್ನು ಹೇಳುತ್ತ ಉಳಿ ಸರಿಸಿದ ಹಾಗೆ ಕಣ್ಣಮ್ಮ ಒಂದೊಂದೇ ಪೆಟ್ಟು ಕೊಟ್ಟಳು. ಕೊನೆಯ ಚುಕ್ಕಿ ನೆಲದ ಮಟ್ಟಕ್ಕೆ ಇಳಿದ ಆ ಒಂಟಿ ಚುಕ್ಕಿ. ಅದನ್ನು ಹೊಡೆಯುವಾಗ ಆಕೆಯ ತುಟಿ ಅಲುಗುತ್ತಿತ್ತು. ಜಪವೋ, ಗಂಡನ ಜೊತೆ ಮಾತೋ, ಯಾರೂ ಕೇಳಲಿಲ್ಲ.

ಹೊಸ ಕರಡು ಬಂದಿತು. ಕಾಗದ ಇನ್ನೂ ಒದ್ದೆಯಿತ್ತು. ಚಿನಕುರುಳಿ ಆ ಸಾಲನ್ನು ಮೊದಲಿನಿಂದ ಓದಿದಳು. ಕಣ್ಣಮ್ಮನ ಬೆರಳುಗಳು ಮಡಿಸಿಕೊಂಡವು, ಬಿಚ್ಚಿಕೊಂಡವು. "ಮುಚ್ಚು. ಮುಚ್ಚು. ಮುಚ್ಚು." ಚಿನಕುರುಳಿ ಅಲ್ಲಿಗೆ ನಿಲ್ಲಿಸಿ, ಕಣ್ಣಮ್ಮನ ಬಲಗೈ ಹಿಡಿದು, ಆಕೆಯ ತೋರುಬೆರಳನ್ನು ಕೊನೆಯ ಮನೆಯ ಮೇಲೆ ಇಟ್ಟಳು. "ಇದನ್ನ ನೀವೇ ಓದಿ."

ಮದುವೆಯಾದ ಹೊಸತರಲ್ಲಿ ಒಂದು ಸಲ ಪ್ರಯತ್ನಿಸಿ, ಏನೂ ತಿಳಿಯದೆ, "ನಿಮ್ಮ ರವೆ ನಿಮಗೇ ಇರ್ಲಿ" ಎಂದು ಬಿಟ್ಟವಳು ಕಣ್ಣಮ್ಮ. ಈಗಲೂ ಬೆರಳಿಗೆ ಚುಕ್ಕಿಗಳು ಬೇರೆಬೇರೆಯಾಗಿ ತಿಳಿಯಲಿಲ್ಲ. ಏನೋ ಇದೆ ಎಂದು ಮಾತ್ರ ತಿಳಿಯಿತು. ನುಣ್ಣಗಿದ್ದ ಜಾಗದಲ್ಲಿ ಈಗ ಒಂದು ಏರು ಇತ್ತು.

"ಮುಚ್ಚು," ಎಂದಳು. ಕಿರುಬೆರಳು ಬಿಚ್ಚಿಕೊಂಡಿತು.

ಆಮೇಲೆ 'ಆದ್ದರಿಂದ' ಎಂಬಲ್ಲಿಂದ ಓದು ಮುಂದೆ ಸಾಗಿತು. ಚಿನಕುರುಳಿ ಎರಡು ಕಡೆ ಅವಸರಪಟ್ಟು ತಪ್ಪಿದಳು, ಕಣ್ಣಮ್ಮ ಎರಡು ಸಲವೂ ಕೆಮ್ಮಿದಳು. ಮೂರನೆಯ ಸಲ ನಿಜವಾದ ಕೆಮ್ಮು ಬಂದು, ಇಬ್ಬರೂ ಅರ್ಧ ಪುಟ ಹಿಂದೆ ಹೋಗಿ ಇಲ್ಲದ ತಪ್ಪನ್ನು ಹುಡುಕಿದರು. ಉರುಳೆಯಂತ್ರ ನಿಂತಿತು. ಕೆಲಸದವರು ಕೈ ತೊಳೆಯುವ ಸದ್ದು ಕೇಳಿಸಿತು.

"ಇವತ್ತಿಗೆ ಇಲ್ಲಿಗೆ ನಿಲ್ಲಿಸೋಣ ಅಜ್ಜಿ. ಮೇಣ ಕೊಡಿ."

ಕಣ್ಣಮ್ಮ ಕನ್ನಡಕದ ಡಬ್ಬಿ ತೆರೆದಳು. ಅದರಲ್ಲಿ ಇದ್ದದ್ದು ಒಂದೇ ಉಂಡೆ, ಮೇಷ್ಟ್ರ ಹಾಳೆಯಿಂದ ಎಬ್ಬಿಸಿ ಆಕೆ ಎತ್ತಿಟ್ಟುಕೊಂಡದ್ದು. ಇಷ್ಟು ತಿಂಗಳು ಒಣಗಿ ಗಟ್ಟಿಯಾಗಿತ್ತು. ಮೇಲೆ ಹೆಬ್ಬೆರಳಿನ ಸಣ್ಣ ಗೆರೆಗಳು, ನೀರಿನ ಸುಳಿಯಂತೆ. ಹಾಗೆಯೇ ಕೊಟ್ಟರೆ ಅದು ಕಾಗದಕ್ಕೆ ಅಂಟುವುದಿಲ್ಲ.

ಕಿಟಕಿಯ ಬೆಳಕಿಗೆ ಹಿಡಿದು ಆಕೆ ಅದನ್ನು ನೋಡಿದಳು, ಸಾಕೆನ್ನುವಷ್ಟು. ಆಮೇಲೆ ಎರಡು ಅಂಗೈಗಳ ನಡುವೆ ಇಟ್ಟುಕೊಂಡು, ಬಿಸಿಯಾಗಿ ಮೆತ್ತಗಾಗುವವರೆಗೆ ಉರುಳಿಸಿದಳು.

"ತಗೋ," ಎಂದಳು.

ಚಿನಕುರುಳಿ ಅದನ್ನು ಸಾಲಿನ ಎಡ ಅಂಚಿಗೆ ಒತ್ತಿದಳು.